ಬಾಟಲಿಗೆ ಹಾಕಿದ ಮಾಲೆ

ಟ್ರಾಮು ಗರಿಯಾಹಾಟಿನ ತಿರುವಿನಲ್ಲಿ ಜಗ್ಗಿದಾಗ ಜಯಕರನ ತೊಡೆಯ ಮೇಲಿದ್ದ ಚೀಲದೊಳಗೆ ನೀರು ಗುಳಕ್ಕೆಂದಿತು. ಅವನು ಎರಡೂ ಕೈಯಿಂದ ಚೀಲವನ್ನು ಅವುಚಿಕೊಂಡು ಪಕ್ಕದಲ್ಲಿದ್ದ ಭಾವನ ಕಡೆ ನೋಡಿದ. ಮುರಾರಿ ಗಮನಿಸಿರಲಿಲ್ಲ. ಗಮನಿಸುವುದು ಮುರಾರಿಯ ಅಭ್ಯಾಸವೇ ಅಲ್ಲ. ಎಲ್ಲವೂ ಮೊದಲೇ ಗೊತ್ತಿರುವವನು ಗಮನಿಸುವುದಾದರೂ ಏನನ್ನು? ಅವನು ಮುಂದಿನ ಸೀಟಿನ ಬಂಗಾಳಿ ಮುದುಕನಿಗೆ, ನೆಲದಡಿಯ ಹೊಸ ರೈಲು ಈ ಮಳೆಗಾಲ ದಾಟುವುದಿಲ್ಲವೆಂದು ಹಿಂದಿಯಲ್ಲಿ ವಿವರಿಸುತ್ತಿದ್ದ. ಆ ರೈಲು ಟಾಲಿಗಂಜಿನ ತನಕ ಬಂದು ಎರಡು ತಿಂಗಳಾಗಿತ್ತು. ಗಂಗೆಯ ಪಕ್ಕದ ಊರು, ಒಂದಾಳು ಅಗೆದರೆ ನೀರು, ಮೊದಲ ದೊಡ್ಡ ಮಳೆಗೆ ಒಳಗಿದ್ದವರೆಲ್ಲ ಒಳಗೇ. ಅದಕ್ಕೇ ಇವರಿಬ್ಬರೂ ಕುಂಟುತ್ತ ಹೋಗುವ ಟ್ರಾಮಿನಲ್ಲಿ ಕೂತಿದ್ದರು. ಮುದುಕ ತಲೆಯಾಡಿಸುತ್ತಿದ್ದ. ಮುರಾರಿ ಮಾತಾಡಿದರೆ ಯಾರಾದರೂ ತಲೆಯಾಡಿಸಲೇಬೇಕು; ಅವನ ದನಿಯಲ್ಲಿ ಏರಿಳಿತವೇ ಇಲ್ಲ, ಬೆಳಗಿನ ತಿಂಡಿಗೆ ಏನೇನುಂಟು ಎಂದು ಹೇಳುವ ದನಿಯಲ್ಲೇ ಸರಕಾರ ಬೀಳುವುದನ್ನೂ ಹೇಳುತ್ತಾನೆ. ಕೆಂಪು ಬಾವುಟದವರು ಗೆದ್ದು ಬಂದ ವರ್ಷ, ಇನ್ನು ಆರು ತಿಂಗಳು ಅಂದಿದ್ದ. ಐದು ವರ್ಷ ಕಳೆದು ಅವರೇ ಮತ್ತೆ ಗೆದ್ದಾಗ, ನಾನು ಅವತ್ತೇ ಹೇಳಿದ್ದಲ್ವಾ ಅಂದ. ಅವನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಹತ್ತು ಜನರಲ್ಲಿ ಒಬ್ಬರೂ, ಏನು ಹೇಳಿದ್ದಿರಿ ಎಂದು ಕೇಳಲಿಲ್ಲ. ಜಯಕರನೂ ಕೇಳಲಿಲ್ಲ.

ಮುರಾರಿಯ ಅಂಗೈಯಲ್ಲಿ ಬಾಳೆಲೆಯ ಪೊಟ್ಟಣವಿತ್ತು, ಅದರೊಳಗೆ ಕಾಮಾಲೆಯ ಮಾಲೆ. ಕಸ್ಬಾದ ರೈಲು ಗೇಟಿನ ಹತ್ತಿರ ಒಬ್ಬ ಮುದುಕ ಅದನ್ನು ಕಟ್ಟುತ್ತಾನೆ. ಯಾವುದೋ ಗಿಡದ ಹಸಿ ಕಡ್ಡಿಯನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿ, ದಾರದ ಕುಣಿಕೆಗಳಲ್ಲಿ ಒತ್ತೊತ್ತಾಗಿ ಬಿಗಿದು, ನೆತ್ತಿಯ ಮೇಲೆ ಸಿಂಬಿಯಂತೆ ಕೂರುವಷ್ಟು ಮಾಡಿ ಕೊಡುತ್ತಾನೆ. ರೋಗಿಯ ತಲೆಗೆ ಅದನ್ನಿಟ್ಟರೆ ದಿನದಿನಕ್ಕೆ ತಾನಾಗಿ ಉದ್ದವಾಗುತ್ತದೆ. ಕೊರಳಿಗಿಳಿಯುತ್ತದೆ, ಎದೆಗೆ, ಹೊಕ್ಕುಳಿಗೆ. ಪಾದ ಮುಟ್ಟಿ ಕಳಚಿ ಬಿದ್ದ ದಿನ ಕಾಮಾಲೆ ಹೋಯಿತೆಂದು ತಿಳಿಯಬೇಕು. ಈ ಊರಿನವರು ಇದನ್ನು ನಂಬುತ್ತಾರೆ. ಉಡುಪಿಯ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಬಾಲಿಗಂಜಿನಲ್ಲಿ ಇಡ್ಲಿ ಬೇಯಿಸುತ್ತಿರುವ ಮುರಾರಿ ಅವರಿಗಿಂತಲೂ ಹೆಚ್ಚು ನಂಬುತ್ತಾನೆ. ಇವತ್ತಿನ ಮಾಲೆ ಟಾಲಿಗಂಜಿನ ನಂಜುಂಡಪ್ಪನವರ ಸೊಸೆಗೆ. ನಂಜುಂಡಪ್ಪನವರು ಮೈಸೂರು ಕಡೆಯವರು, ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ಸವೆಸಿದವರು. ಮಗ ಡ್ಯೂಟಿಯ ಮೇಲೆ ಖರಗ್‌ಪುರದಲ್ಲಿದ್ದ. ಸೊಸೆ ವಿಶಾಲಾಕ್ಷಿ ಏಳು ತಿಂಗಳ ಬಸುರಿ. ಡಾಕ್ಟರು ತಕ್ಷಣ ಆಸ್ಪತ್ರೆಗೆ ಸೇರಿಸಿ ಅಂದಿದ್ದರು. ಮುರಾರಿ ಬೇಡ ಅಂದಿದ್ದ. ರಕ್ತದ ರಿಪೋರ್ಟನ್ನು ತೋಳುದ್ದ ದೂರ ಹಿಡಿದು ಓದಿ, ನಮ್ಮ ಅಡುಗೆಗೆ ಅರಸಿನ ಎಷ್ಟು ಬೀಳುತ್ತದೆ, ಅದೇ ರಕ್ತದಲ್ಲಿ ಹಳದಿಯಾಗಿ ಕಾಣುವುದು, ಯಾವುದು ಅರಸಿನ ಯಾವುದು ಕಾಮಾಲೆ ಎಂದು ಯಂತ್ರಕ್ಕೆ ತಿಳಿಯುತ್ತದೆಯೇ ಎಂದು ಬಿಡಿಸಿ ಹೇಳಿದ್ದ. ನಂಜುಂಡಪ್ಪನವರು ಅರ್ಧ ಒಪ್ಪಿದ್ದರು. ಉಳಿದರ್ಧಕ್ಕೆ ಸಾಕ್ಷಿ ಹೇಳಲು ಜಯಕರ ಹೊರಟಿದ್ದ. ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿರುವ ತನ್ನ ತಂಗಿಯ ಗಂಡನೇ ಬಂದು, ಮಾಲೆ ಹೊಕ್ಕುಳಿನ ತನಕ ಇಳಿದದ್ದನ್ನು ಕಣ್ಣಾರೆ ಕಂಡದ್ದಾಗಿ ಹೇಳುತ್ತಾನೆ ಎಂದು ಮುರಾರಿ ಮಾತು ಕೊಟ್ಟಾಗಿತ್ತು. ಅದು ಸುಳ್ಳಲ್ಲ. ಜಯಕರ ಕಂಡಿದ್ದ. ಹೋದ ವರ್ಷ ಭಾದ್ರಪದದಲ್ಲಿ ಅವನ ಹೆಂಡತಿ ಸುಗುಣಾಳ ಹೊಕ್ಕುಳಿನ ತನಕ ಇಳಿದಿತ್ತು. ಅದಾದ ಮೂರನೇ ದಿನ ಅವಳು ಸತ್ತಳು, ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ.

ವಿಶಾಲಾಕ್ಷಿಯ ರಕ್ತ ಶುಕ್ರವಾರ ಬಂದದ್ದು ಅವನ ಮೇಜಿಗೇ. ಕೊಳವೆಯೊಳಗೆ ತಿಳಿ ಬೇರೆಯಾದಾಗ ಅದರ ಹಳದಿಯನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದ. ಪರೀಕ್ಷೆಯ ಮದ್ದು ಬೆರೆಸಿದರೆ ಆ ಹಳದಿ ನೇರಳೆಗೆ ತಿರುಗುತ್ತದೆ. ರೋಗ ಹೆಚ್ಚಿದಷ್ಟೂ ನೇರಳೆ ಗಾಢ. ಯಂತ್ರದ ಮುಳ್ಳು ಅಲ್ಲಾಡುವ ಮೊದಲೇ ಅವನಿಗೆ ಗೊತ್ತಾಗಿತ್ತು. ಹದಿನಾಲ್ಕು. ಆರೋಗ್ಯವಂತರಲ್ಲಿ ಒಂದನ್ನೂ ದಾಟದ ಅಂಕಿ. ಸುಗುಣಾಳಿಗೆ ಮಾಲೆ ಹಾಕಿದ ಏಳನೇ ದಿನ ಇದೇ ನೇರಳೆ ಇದೇ ಕಿಟಕಿಯ ಬೆಳಕಿನಲ್ಲಿ ಅವನ ಕೈಯಲ್ಲಿತ್ತು. ಪಕ್ಕದ ಮೇಜಿನ ಬಂಗಾಳಿ ಗೆಳೆಯ, ಏನು ದಾದಾ, ಬಣ್ಣ ನೋಡುತ್ತ ನಿಂತುಬಿಟ್ಟಿರಿ ಎಂದು ಕೇಳಿದ್ದ. ಅದು ಶುಕ್ರವಾರವೋ ಹೋದ ಭಾದ್ರಪದವೋ ಎಂದು ಈಗ ಯೋಚಿಸಿದರೆ ಅವನಿಗೆ ಖಚಿತವಾಗುವುದಿಲ್ಲ. ಎರಡು ಸಲವೂ ಅವನು ಏನಿಲ್ಲ ಎಂದೇ ಹೇಳಿರಬೇಕು.

ಸೀಮಂತ ಮುಗಿದ ಮೇಲೆ ಹೆಣ್ಣು ತವರಿನವಳು. ಸುಗುಣಾಳಿಗೆ ತವರೆಂದರೆ ಹೋಟೆಲಿನ ಮೇಲಿನ ಎರಡು ಕೋಣೆ, ಅಣ್ಣ ಮುರಾರಿ, ಅತ್ತಿಗೆ ವನಮಾಲಾ. ಹಸಿರು ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದು ಅವಳು ಕಸ್ಬಾದ ಬಾಡಿಗೆ ಕೋಣೆಯಿಂದ ಅಲ್ಲಿಗೆ ಹೋದ ದಿನದಿಂದ ಜಯಕರ ತನ್ನ ಹೆಂಡತಿಯ ಮಟ್ಟಿಗೆ ನೆಂಟನಾದ. ಸಂಜೆ ಕೆಲಸ ಬಿಟ್ಟು ಹೋಗಿ, ವನಮಾಲಕ್ಕ ಕೊಟ್ಟ ಕಾಫಿ ಕುಡಿದು, ಕುರ್ಚಿಯ ತುದಿಯಲ್ಲಿ ಕೂತು, ಎದ್ದು ಬರುವುದು. ಅವಳ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವನು ಅವನೇ. ಲೋಡ್ ಶೆಡ್ಡಿಂಗ್ ಆಗಿತ್ತು, ಲಾಂದ್ರ ಹಚ್ಚಿಟ್ಟಿದ್ದರು. ಅವನು ಹೇಳಿದಾಗ ಮುರಾರಿ, ಲಾಂದ್ರದ ಬೆಳಕಿನಲ್ಲಿ ನಿನ್ನ ಕಣ್ಣೂ ಹಳದಿಯೇ ಮಾರಾಯ ಅಂದ. ಮರುದಿನ ಹಗಲು ಬೆಳಕಿನಲ್ಲಿ ಎಲ್ಲರಿಗೂ ಕಂಡಿತು. ಆಗ ಮುರಾರಿ, ನಾನು ನಿನ್ನೆಯೇ ನೋಡಿದ್ದೆ, ಹೆದರಿಸುವುದು ಬೇಡವೆಂದು ಸುಮ್ಮನಿದ್ದೆ ಎಂದು ಹೇಳಿ ಮಾಲೆ ತರಲು ಹೋದ. ಜಯಕರ ಹೆರಿಗೆಗೆ ರಕ್ತದ ಗುಂಪು ನೋಡಬೇಕೆಂದು ಸುಳ್ಳು ಹೇಳಿ ಅವಳ ತೋಳಿಗೆ ಸೂಜಿ ಹಾಕಿದ. ತಲೆಯ ಮೇಲೆ ಆ ಕಡ್ಡಿಯ ಬಳೆ ಇಟ್ಟುಕೊಂಡು ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಬಿದ್ದೀತೆಂದು.

ಮಾಲೆ ಹಾಕಿದ ಮೂರನೇ ದಿನ ಅವಳ ರಕ್ತದಲ್ಲಿ ಅಂಕಿ ಒಂಬತ್ತು. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಅವನು ಹೋಟೆಲಿಗೆ ಹೋಗಿದ್ದ. ಟ್ರಾಮು ಈಗ ರಾಸಬಿಹಾರಿಯ ಚೌಕದಲ್ಲಿ ನಿಂತಿತ್ತು, ಎದುರಿಗೆ ಯಾವುದೋ ಮೆರವಣಿಗೆ, ಕೆಂಪು ಬಾವುಟಗಳು, ಸುಸ್ತಾದ ಘೋಷಣೆ. ಇವರಿಗೆ ಕೆಲಸವಿಲ್ಲ ಎಂದು ಮುರಾರಿ ಮುದುಕನಿಗೆ ಹೇಳುತ್ತಿದ್ದ, ಮುದುಕ ತಾನೂ ಅದೇ ಬಾವುಟದವನೆಂದು ಹೇಳದೆ ತಲೆಯಾಡಿಸುತ್ತಿದ್ದ. ಅವನ ಅಂಗಿಯ ಜೇಬಿನ ಮೇಲೆ ಯೂನಿಯನ್ನಿನ ಚಿಕ್ಕ ಬಿಲ್ಲೆ ಇದ್ದದ್ದು ಜಯಕರನಿಗೆ ಕಾಣುತ್ತಿತ್ತು. ಅವತ್ತು ಹೋಟೆಲಿನಲ್ಲಿ ನಾಲ್ಕೈದು ಜನ ಪರಿಚಯದವರಿದ್ದರು. ಭಾವ, ಒಮ್ಮೆ ಆಸ್ಪತ್ರೆಗೆ ತೋರಿಸುವ ಅಂತ ಎಂದು ಜಯಕರ ಶುರು ಮಾಡಿದ. ಚೀಟಿ ಹೊರಗೆ ತೆಗೆಯಲು ಕೈ ಜೇಬಿಗೆ ಹೋಗಿತ್ತು. ಮುರಾರಿ ಕೂತವರ ಕಡೆ ತಿರುಗಿದ.

"ಇವ ದಿನಾ ಊರವರ ಉಚ್ಚೆ ಬಾಟ್ಲಿ ತೊಳೀತಾನೆ. ಈಗ ಡಾಕ್ಟರಾಗಿದ್ದಾನೆ ನೋಡಿ."

ಎಲ್ಲರೂ ನಕ್ಕರು. ಅಡುಗೆಯವನು ಒಳಗಿನಿಂದ ಇಣುಕಿ ನಕ್ಕ. ಮಹಡಿಯ ಮೆಟ್ಟಿಲಲ್ಲಿ ಗೋಡೆ ಹಿಡಿದು ಇಳಿಯುತ್ತಿದ್ದ ಸುಗುಣಾಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅಣ್ಣನ ಮಾತಿಗೆ ಚಿಕ್ಕಂದಿನಿಂದ ನಕ್ಕು ರೂಢಿಯಾದ ನಗು ಅದು. ಆದರೆ ಜಯಕರನ ಕಿವಿ ಬಿಸಿಯಾಯಿತು. ಚೀಟಿ ಜೇಬಿನಲ್ಲೇ ಉಳಿಯಿತು. ಆಗಲಿ, ಅಂದುಕೊಂಡ. ಆಗಲಿ, ನೋಡುವ. ಆ ಎರಡು ಮಾತಿನ ಹೊಲಸು ಅವನಿಗೆ ಆಮೇಲೆ ಗೊತ್ತಾದದ್ದು. ತಾನು ವಾದಿಸದೆ, ದನಿ ಎತ್ತದೆ, ತಾನು ಹೇಳಿದ್ದೇ ಸರಿಯೆಂದು ಎಲ್ಲರಿಗೂ ತಾನಾಗಿ ತಿಳಿಯಲಿ, ಮುರಾರಿ ಬಂದು ತನ್ನೆದುರು ತಲೆ ತಗ್ಗಿಸಲಿ ಎಂಬ ಆಸೆ ಅದರೊಳಗಿತ್ತು. ಏಳನೇ ದಿನ ಮುಳ್ಳು ಹದಿನಾಲ್ಕಕ್ಕೆ ಹೋಗಿ ನಿಂತಾಗ ಭಯದ ಜೊತೆಗೆ ಇನ್ನೊಂದು ಏನೋ ಅವನ ಎದೆಯಲ್ಲಿ ಅಲ್ಲಾಡಿತು. ಅದು ಸಮಾಧಾನದ ಹತ್ತಿರದ್ದು. ಮುರಾರಿಯ ಅಹಂಕಾರ ಬಾಯಿ ತುಂಬ ಮಾತಾಡುತ್ತದೆ, ತನ್ನದು ಬಾಯಿ ಮುಚ್ಚಿಕೊಂಡು ಕಾಯುತ್ತದೆ, ಅಷ್ಟೇ ವ್ಯತ್ಯಾಸ ಎಂದು ಅವನಿಗೆ ಈ ಒಂದು ವರ್ಷದಲ್ಲಿ ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನಿಸಿದ ದಿನ ಅವನು ಊಟ ಮಾಡುವುದಿಲ್ಲ.

ಮಾಲೆಯ ಗುಟ್ಟು ಅವನಿಗೆ ಎರಡನೇ ದಿನವೇ ತಿಳಿದಿತ್ತು. ಕಸ್ಬಾದ ಅದೇ ಮುದುಕನಿಂದ, ಸುಗುಣಾಳದ್ದನ್ನು ಕಟ್ಟಿದ ದಿನವೇ ಕಟ್ಟಿದ ಇನ್ನೊಂದು ಮಾಲೆ ತಂದು ಲ್ಯಾಬಿನ ಖಾಲಿ ಬಾಟಲಿಯೊಂದರ ಮುಚ್ಚಳದ ಮೇಲೆ ಇಟ್ಟಿದ್ದ. ಹಸಿ ಕಡ್ಡಿ ಒಣಗಿದಂತೆ ಸಣ್ಣಗಾಗುತ್ತದೆ, ಬಿಗಿದ ಕುಣಿಕೆ ಸಡಿಲವಾಗುತ್ತದೆ, ದಾರ ಜಾರುತ್ತ ಉದ್ದವಾಗುತ್ತದೆ. ಬಾಟಲಿಗೂ ಹಾಗೇ, ಹೆಂಡತಿಗೂ ಹಾಗೇ. ಸಂಜೆ ಅವಳ ಮಾಲೆಯನ್ನು ಟೇಪು ಹಿಡಿದು ಅಳೆಯುತ್ತಿದ್ದ. ಮುರಾರಿಗೆ ಅದು ತುಂಬ ಹಿಡಿಸಿತ್ತು, ಈಗ ದಾರಿಗೆ ಬಂದ ಎಂದು ವನಮಾಲಕ್ಕನಿಗೆ ಹೇಳಿದ್ದ. ಲೇಬಲ್ಲಿಲ್ಲದ ಬಾಟಲಿ ಕಪಾಟಿನಲ್ಲಿರಬಾರದು ಎಂಬುದು ಲ್ಯಾಬಿನ ಮೊದಲ ಪಾಠ. ಹದಿನೈದು ವರ್ಷದ ಅಭ್ಯಾಸದ ಕೈ ತಾನಾಗಿ ಚೀಟಿ ಅಂಟಿಸಿತು: ದಿನ, ಬಾಟಲಿಯ ಮಾಲೆ ಎಷ್ಟು ಇಂಚು, ಸು. ಎಷ್ಟು ಇಂಚು, ಸು. ರಕ್ತ ಎಷ್ಟು. ಬೇರೆಯವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಬರೆದ. ಹತ್ತನೇ ದಿನದ ಸಾಲಿನಲ್ಲಿ ಎರಡೂ ಮಾಲೆ ನಲವತ್ತಾರು ಇಂಚು, ರಕ್ತ ಹತ್ತೊಂಬತ್ತು. ಆಮೇಲೆ ಸಾಲುಗಳಿಲ್ಲ. ಹನ್ನೊಂದನೇ ದಿನ ಸುಗುಣಾ ಹಗಲೆಲ್ಲ ಮಲಗಿದಳು, ಸಂಜೆ ಎದ್ದು ಜಯಕರನನ್ನು ಅಪ್ಪಯ್ಯ ಎಂದು ಕರೆದಳು. ಮರುದಿನ ಒಸಡಿನಲ್ಲಿ ರಕ್ತ ಕಂಡಾಗ ಮುರಾರಿಯೇ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಆಸ್ಪತ್ರೆಯಲ್ಲಿ ನರ್ಸು ಕತ್ತರಿ ತಂದು ಮಾಲೆಯನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಮುರಾರಿಗೆ ಅಷ್ಟು ಸಾಕಾಯಿತು. ಪಾದಕ್ಕಿಳಿಯಬೇಕಾದದ್ದನ್ನು ನಡುವಿನಲ್ಲಿ ಕತ್ತರಿಸಿದರು, ಅದಕ್ಕೇ ಹೋದಳು. ಈ ಮಾತನ್ನು ಅವನು ಮಸಣದಲ್ಲಿ ಹೇಳಿದ, ಹನ್ನೆರಡನೇ ದಿನ ಊಟಕ್ಕೆ ಕೂತವರಿಗೆ ಹೇಳಿದ, ಗಿರಾಕಿಗಳಿಗೆ ಹೇಳಿದ. ಹೇಳಿ ಹೇಳಿ ಅವನ ದನಿ ಮತ್ತೆ ಏರಿಳಿತವಿಲ್ಲದ ದನಿಯಾಯಿತು. ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಮುರಾರಿ ಮಗುವಿನ ಹಾಗೆ ಅಳುತ್ತಿದ್ದನೆಂಬುದು ಈಗ ನೆನಪಿರುವುದು ಜಯಕರನೊಬ್ಬನಿಗೇ.

ಬಾಟಲಿ ಒಂದು ವರ್ಷ ಕಪಾಟಿನ ಹಿಂದೆ ಇತ್ತು. ಶುಕ್ರವಾರ ಅವನು ಅದನ್ನು ಮನೆಗೆ ತಂದ. ಈ ಸಲ ಮಾತಾಡಿ ಸೋಲುವುದು ಬೇಡ, ಎದುರಿಗೆ ಇಟ್ಟುಬಿಡುವುದು. ಬಾಟಲಿಗೆ ಕಾಮಾಲೆ ಬರುತ್ತದೆಯೇ ಎಂದು ಕೇಳಿಬಿಡುವುದು. ಬೆಳಿಗ್ಗೆ ಚೀಲಕ್ಕೆ ಹಾಕಿದಾಗ ಖಾಲಿ ಬಾಟಲಿ ಅಡ್ಡ ಬೀಳುತ್ತಿತ್ತು, ಮಾಲೆ ಜಾರುತ್ತಿತ್ತು. ಬೀದಿಯ ನಲ್ಲಿಯಲ್ಲಿ ನೀರು ತುಂಬಿಕೊಂಡ. ಮೂರನೇ ದಿನವೇ ತನಗೆ ಗೊತ್ತಿದ್ದದ್ದನ್ನು ಹೇಳಿಬಿಡುವ ಲೇಬಲ್ಲನ್ನು ಕೀಳಬೇಕೆಂದು ಅದರ ಮೂಲೆಗೆ ಉಗುರು ಹಾಕಿದ. ಆಗಲಿಲ್ಲ. ಸು. ಎಂದು ತಾನು ಬರೆದ ಆ ಅಕ್ಷರ ಬಿಟ್ಟರೆ ಅವಳ ಕೊನೆಯ ದಿನಗಳದ್ದು ಏನೂ ಅವನ ಬಳಿ ಉಳಿದಿರಲಿಲ್ಲ. ಮಾಲೆಯನ್ನೇ ಎರಡು ಸುತ್ತು ಸುತ್ತಿ ಅದರ ಮೇಲೆ ಬರುವಂತೆ ಇಳಿಬಿಟ್ಟ.

ನಂಜುಂಡಪ್ಪನವರ ಮನೆ ಎರಡನೇ ಮಹಡಿಯಲ್ಲಿತ್ತು. ಅವರ ಹೆಂಡತಿ ಇಂದಿರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಮುರಾರಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದ, ಗಂಜಿ ಕೊಡಿ, ಅರಸಿನ ಬಿಡಿ, ಮಾಲೆಗೆ ಕತ್ತರಿ ತಾಗಿಸಬೇಡಿ. ನಂಜುಂಡಪ್ಪನವರು ರಿಪೋರ್ಟಿನ ಕಾಗದವನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದರು. ಕಾಗದದ ಕೆಳಗೆ ಜಯಕರನ ಸಣ್ಣ ಸಹಿ ಇತ್ತು. ಅದು ಯಾರದೆಂದು ಅವರಿಗೆ ತಿಳಿಯದು. ಒಳಕೋಣೆಯ ಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿ ವಿಶಾಲಾಕ್ಷಿ ಕೂತಿದ್ದಳು. ಹನ್ನೊಂದು ಗಂಟೆಯ ಹಗಲಿನಲ್ಲಿ ಅವಳ ಕಣ್ಣು ನಿದ್ದೆಗೆ ಎಳೆಯುತ್ತಿತ್ತು. ಹೊಟ್ಟೆಯ ಮೇಲಿಟ್ಟುಕೊಂಡ ಕೈಯ ಹಳದಿ ಉಗುರುಗಳನ್ನು ನೋಡಿ ಜಯಕರ ಮುಖ ತಿರುಗಿಸಿದ. ರಾತ್ರಿ ನಿದ್ದೆ ಮಾಡುವುದಿಲ್ಲ, ಹಗಲೆಲ್ಲ ತೂಕಡಿಸುತ್ತಾಳೆ ಎಂದು ಇಂದಿರಮ್ಮ ಹೇಳುತ್ತಿದ್ದರು. ಅದು ಒಳ್ಳೆಯದೇ, ಮೈ ದಣಿವಾರಿಸಿಕೊಳ್ಳುತ್ತಾ ಉಂಟು ಎಂದು ಮುರಾರಿ ಹೇಳಿದ. ಅವಳು ಮಾತ್ರ ಜಯಕರನನ್ನೇ ನೋಡುತ್ತಿದ್ದಳು.

"ನಿಮ್ಮನೆಯವ್ರಿಗೂ ಹಿಂಗೇ ಆಗಿತ್ತಂತಲ್ಲ" ಅಂದಳು. "ಮಾಲೆ ಇಳೀತಾ ಇಳೀತಾ ಅವ್ರಿಗೆ ಹಗುರ ಅನ್ನಿಸ್ತಿತ್ತಾ?"

ಹಗುರ ಆಗ್ತಾ ಉಂಟು ಎಂದೇ ಸುಗುಣಾ ಹೇಳುತ್ತಿದ್ದಳು, ಒಂಬತ್ತನೇ ದಿನದ ತನಕ. ಜಯಕರ ಚೀಲದೊಳಗೆ ಕೈ ಹಾಕಿ ಬಾಟಲಿಯನ್ನು ತೆಗೆದು ಕಾಫಿ ಲೋಟಗಳ ನಡುವೆ ಇಟ್ಟ. ಒಣಗಿ ಕಪ್ಪಾದ ಕಡ್ಡಿಗಳ ಮಾಲೆ ಅದರ ಕೊರಳಿಂದ ಜೋತು ಮೇಜಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಅವನು ಹೇಳಬೇಕೆಂದಿದ್ದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಆದರೂ ಬಾಯಿಗೆ ಬಂದದ್ದು ತುಂಡು ತುಂಡಾಗಿ. ಇದಕ್ಕೂ ಹಾಕಿದ್ದೆ. ಇದರದ್ದೂ ಇಳಿಯಿತು, ಅಷ್ಟೇ ಉದ್ದ. ಕಡ್ಡಿ ಒಣಗಿದರೆ ದಾರ ಸಡಿಲವಾಗುತ್ತದೆ, ಬೇರೇನೂ ಇಲ್ಲ. ಬಾಟಲಿಗೆ ಕಾಮಾಲೆ ಬರುವುದಿಲ್ಲವಲ್ಲ. ಕೊನೆಯ ಮಾತು ಹೇಳುವಾಗ ಅವನು ನಗಲು ನೋಡಿದ, ನಗು ಬರಲಿಲ್ಲ.

ಮುರಾರಿ ಬಾಟಲಿಯನ್ನು ಸ್ವಲ್ಪ ಹೊತ್ತು ನೋಡಿದ. ಅವನ ಮುಖದಲ್ಲಿ ಗಲಿಬಿಲಿಯ ಎಳೆಯೂ ಇರಲಿಲ್ಲ.

"ಅದ್ರೊಳಗೆ ಎಂತ ಉಂಟು?"

"ನೀರು."

"ಯಾವ ನೀರು?"

"ನಲ್ಲಿ ನೀರು, ಭಾವ."

"ಹಾಗೆ ಹೇಳು." ಮುರಾರಿ ನಂಜುಂಡಪ್ಪನವರ ಕಡೆ ತಿರುಗಿದ. ಈ ಊರಿನಲ್ಲಿ ಕಾಮಾಲೆ ಬರುವುದು ಯಾವುದರಿಂದ? ನಲ್ಲಿ ನೀರಿನಿಂದ. ಪೇಪರಿನಲ್ಲೂ ಬರೆಯುತ್ತಾರೆ, ಡಾಕ್ಟರುಗಳೂ ಹೇಳುತ್ತಾರೆ, ಕುದಿಸಿ ಕುಡಿಯಿರಿ ಎಂದು. ಆ ನೀರಿನಲ್ಲಿದ್ದ ಕಾಮಾಲೆಯನ್ನೇ ಮಾಲೆ ಎಳೆದಿದೆ. ಗಾಜಿನ ಆಚೆಯಿಂದ ಎಳೆಯುವ ಮಾಲೆ ಮನುಷ್ಯರ ಮೈಯಿಂದ ಎಳೆಯುವುದಿಲ್ಲವೇ? ಅವನು ಇದನ್ನು ಸೋಲಿಸಬೇಕೆಂದು ಹೇಳಲಿಲ್ಲ. ಅವನಿಗೆ ನಿಜ ಕಂಡದ್ದೇ ಹಾಗೆ. ನೀರು ತುಂಬಿದ್ದು ಇವತ್ತು ಬೆಳಿಗ್ಗೆ, ಮಾಲೆ ಇಳಿದಾಗ ಬಾಟಲಿ ಖಾಲಿಯಿತ್ತು ಎಂದು ಜಯಕರ ಹೇಳುವಷ್ಟರಲ್ಲೇ ಇಂದಿರಮ್ಮ ಬಾಟಲಿಗೆ ಕೈ ಮುಗಿದರು. ಒಂದು ಹಿಡಿ ಮರಳು ತುಂಬಿಕೊಂಡು ಬಂದಿದ್ದರೆ ಸಾಕಿತ್ತು ಎಂದು ಜಯಕರನಿಗೆ ಹೊಳೆಯಿತು, ಮರಳಾಗಿದ್ದರೂ ಮುರಾರಿಗೆ ಇನ್ನೊಂದು ಉತ್ತರ ಸಿಗುತ್ತಿತ್ತೆಂಬುದೂ ಅದರ ಹಿಂದೆಯೇ ಹೊಳೆಯಿತು. ಮುರಾರಿ ಪೊಟ್ಟಣ ಬಿಚ್ಚಿದ. ಹಸಿ ಕಡ್ಡಿಯ ವಾಸನೆ ಕೋಣೆಯಲ್ಲಿ ಹರಡಿತು. ವಿಶಾಲಾಕ್ಷಿ ತಲೆ ಬಗ್ಗಿಸಿದಳು, ಸುಗುಣಾಳೂ ಹಾಗೇ ಬಗ್ಗಿಸಿದ್ದಳು, ಬೈತಲೆ ಅಷ್ಟೇ ನೇರವಾಗಿತ್ತು.

ಜಯಕರನ ಕೈ ಮುಂದೆ ಹೋಯಿತು. ಅವನು ಬಾಟಲಿಯ ಮೇಲಿನ ಮಾಲೆಯನ್ನು ಪಕ್ಕಕ್ಕೆ ಸರಿಸಿದ.

"ಇದನ್ನೊಮ್ಮೆ ಓದಿ" ಅಂದ ನಂಜುಂಡಪ್ಪನವರಿಗೆ.

ಮೂವತ್ತು ವರ್ಷ ಪಾರ್ಸೆಲ್ಲುಗಳ ಮೇಲಿನ ಚೀಟಿ ಓದಿದವರು ಅವರು. ಕನ್ನಡಕ ಹಾಕಿಕೊಂಡು, ಬಾಟಲಿಯನ್ನು ಕಿಟಕಿಯ ಕಡೆ ತಿರುಗಿಸಿ, ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದರು. ಏಳನೇ ದಿನದ ಸಾಲಿನಲ್ಲಿ ಬೆರಳು ನಿಂತಿತು. ಇನ್ನೊಂದು ಕೈಯಲ್ಲಿದ್ದ ರಿಪೋರ್ಟನ್ನು ಬಿಚ್ಚಿ ನೋಡಿದರು. ಮತ್ತೆ ಬಾಟಲಿ ನೋಡಿದರು.

"ಸು. ಅಂದ್ರೆ ಯಾರಪ್ಪ?"

"ಸುಗುಣಾ. ನನ್ನ ಹೆಂಡತಿ. ಈ ರಿಪೋರ್ಟು ಬರೆದವನೂ ನಾನೇ. ಇವತ್ತೇ ಸೇರಿಸಿ ಸಾರ್. ಈ ಅಂಕಿ ಬಂದ ಮೇಲೂ ನಾವು ಐದು ದಿನ ತಡ ಮಾಡಿದೆವು."

ನಂಜುಂಡಪ್ಪನವರು ಎದ್ದು ನಿಂತರು. ಸೊಸೆಯ ಎರಡು ಬಟ್ಟೆ ಚೀಲಕ್ಕೆ ಹಾಕು ಎಂದು ಹೆಂಡತಿಗೆ ಹೇಳಿ, ಟ್ಯಾಕ್ಸಿ ತರಲು ಬರಿಗಾಲಲ್ಲೇ ಮೆಟ್ಟಿಲಿಳಿದು ಹೋದರು. ಇಂದಿರಮ್ಮ ಏನೂ ತಿಳಿಯದೆ ಮುರಾರಿಯ ಮುಖ ನೋಡಿ, ಅವನು ಏನೂ ಹೇಳದಿರುವುದನ್ನು ಕಂಡು ಹೆದರಿ, ಸೊಸೆಯ ರಟ್ಟೆ ಹಿಡಿದು ಒಳಗೆ ಕರೆದೊಯ್ದರು. ಬಾಗಿಲು ದಾಟುವಾಗ ವಿಶಾಲಾಕ್ಷಿ ಒಮ್ಮೆ ಹಿಂದಿರುಗಿ ನೋಡಿದಳು. ಜಯಕರನಿಗೆ ಅವಳು ಉಳಿಯುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಹದಿನಾಲ್ಕರಲ್ಲಿ ಆಸ್ಪತ್ರೆ ಸೇರಿದವರಲ್ಲಿ ಉಳಿದವರಿದ್ದರು.

ಹೊರಕೋಣೆಯಲ್ಲಿ ಇಬ್ಬರೇ ಉಳಿದರು. ಮುರಾರಿ ಹಸಿ ಮಾಲೆಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಅದನ್ನು ಕೆಳಗಿಟ್ಟು, ಬಾಟಲಿಯನ್ನು ಎತ್ತಿ ತೋಳುದ್ದ ದೂರ ಹಿಡಿದು ಓದಲು ಶುರು ಮಾಡಿದ. ಅವನ ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ. ಮೇಜಿನ ಮೇಲೆ ಇಡುವಾಗ ಬಾಟಲಿಯೊಳಗೆ ನೀರು ಗುಳಕ್ಕೆಂದಿತು.

"ಮೂರನೇ ದಿನಕ್ಕೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

ಜಯಕರ ಅವನನ್ನು ನೋಡಿದ. ಭಾವ ತನ್ನನ್ನು ಏನನ್ನಾದರೂ ಕೇಳಿ ಉತ್ತರಕ್ಕೆ ಕಾದು ಕೂತದ್ದು ಅವನ ನೆನಪಿನಲ್ಲೇ ಇರಲಿಲ್ಲ. ಈ ಪ್ರಶ್ನೆಗೆ ಅವನು ಒಂದು ವರ್ಷದಿಂದ ಎಷ್ಟೋ ಉತ್ತರ ಮಾಡಿಟ್ಟುಕೊಂಡಿದ್ದ. ತವರಿನವರ ಮಾತು ಮೀರುವ ಹಾಗಿಲ್ಲವೆಂದು, ಡಾಕ್ಟರಲ್ಲದವನ ಮಾತು ಯಾರು ಕೇಳುತ್ತಾರೆಂದು. ಈಗ ಬಾಯಿಗೆ ಬಂದದ್ದು ಎಲ್ಲಕ್ಕಿಂತ ಚಿಕ್ಕದು, ನಿಜವಾದದ್ದು.

"ನೀವೆಲ್ಲ ನಕ್ಕಿದ್ರಿ, ಭಾವ."

ಕೆಳಗೆ ಟ್ಯಾಕ್ಸಿ ಬಂದು ನಿಂತ ಸದ್ದಾಯಿತು. ಮುರಾರಿ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದ. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಯೋಚಿಸುತ್ತಿದ್ದ.

"ಯಾವಾಗ?" ಅಂದ.

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.